ಈ ದೃಶ್ಯದಲ್ಲಿ ಬಾವಲಿ ಇಲ್ಲ

ನಾನು ಬರೆದ ಆ ವಿಮರ್ಶೆ ಇಂಟರ್ನೆಟ್ಟಿನಲ್ಲಿ ಇನ್ನೂ ಇದೆ. ಐದರಲ್ಲಿ ಒಂದೇ ನಕ್ಷತ್ರ. ಮುರುಕು ಇಂಗ್ಲಿಷಿನ ನಾಲ್ಕು ಸಾಲು. ಅವುಗಳ ಸಾರ ಇಷ್ಟು: ಈ ಆಟ ಮಾಡಿದವರು ಕಳ್ಳರು; ಅಟ್ಟದ ದೃಶ್ಯದಲ್ಲಿ ಹುಡುಕಲು ಹೇಳಿದ ಬಾವಲಿ ಇಲ್ಲವೇ ಇಲ್ಲ; ಇಲ್ಲದ್ದನ್ನು ಹುಡುಕಿಸುವುದು ಮೋಸ. ಅದರ ಕೆಳಗೆ ಯಾರೋ ಉತ್ತರಿಸಿದ್ದಾರೆ: ‘ಮೇಲೆ, ತೊಲೆಗೆ ನೇತಾಡುತ್ತಿದೆ. ಬಹಳ ಸುಲಭ.’ ಆ ಉತ್ತರವನ್ನು ಹಲವರು ಮೆಚ್ಚಿದ್ದಾರೆ.

ಅಳಿಸಬಹುದು. ಅಳಿಸಿಲ್ಲ. ನನ್ನ ಕಾಯಿಲೆಯ ಬಗ್ಗೆ ಇರುವ ಮೊದಲ ದಾಖಲೆ ಅದೇ. ವೈದ್ಯರ ಚೀಟಿಗಿಂತ ಎರಡು ವರ್ಷ ಹಳೆಯದು.

ನಾನು ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಮನೆಯವರು ಕಾಗದದ ಕಾರ್ಖಾನೆಯಲ್ಲಿ, ಹಾಳೆಗಳ ಮೇಲಿನ ಕಲೆ, ಸುಕ್ಕುಗಳನ್ನು ಕಣ್ಣಿನಿಂದ ಹಿಡಿಯುವ ವಿಭಾಗದಲ್ಲಿ ಇದ್ದಾರೆ. ಮಗಳು ಓದಲು ಹೋದಮೇಲೆ ಅವಳ ಹಳೆಯ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಅದರಲ್ಲಿ ನಾನು ಹತ್ತು ವರ್ಷ ಒಂದೇ ಬಗೆಯ ಆಟ ಆಡಿದ್ದೇನೆ. ಪರದೆಯ ಮೇಲೆ ಒಂದು ಕೋಣೆ, ಅದರ ತುಂಬ ಗುಜರಿ ಅಂಗಡಿಯಂತೆ ಸಾಮಾನು, ಕೆಳಗೆ ಹನ್ನೆರಡು ಹೆಸರು. ಆ ಹನ್ನೆರಡನ್ನು ಹುಡುಕಿ ಒತ್ತಬೇಕು. ಪಟ್ಟಿ ಮುಗಿದರೆ ಒಂದು ಕೀಲಿಕೈ ಸಿಗುತ್ತದೆ. ಅದರಿಂದ ಇನ್ನೊಂದು ಕೋಣೆ ತೆರೆಯುತ್ತದೆ. ಕಥೆ ಯಾವಾಗಲೂ ಅದೇ: ಪಾಳು ಬಂಗಲೆ, ಕಾಣೆಯಾದ ತಂಗಿ, ಏನನ್ನೋ ಮುಚ್ಚಿಡುವ ಮಾಲಿ. ಪತ್ತೇದಾರಿಣಿ ಒಂದು ಸ್ಕ್ರೂಡ್ರೈವರ್ ಸಿಕ್ಕರೆ ಒಮ್ಮೆ ಬಳಸಿ ಎಸೆಯುತ್ತಾಳೆ, ಮುಂದಿನ ಕೋಣೆಯಲ್ಲಿ ಮತ್ತೆ ಸ್ಕ್ರೂಡ್ರೈವರ್ ಹುಡುಕುತ್ತಾಳೆ. ಕಥೆಗಾಗಿ ಈ ಆಟವನ್ನು ಯಾರೂ ಆಡುವುದಿಲ್ಲ.

ನಾನು ಆಡುತ್ತಿದ್ದದ್ದು ಅಹಂಕಾರಕ್ಕೆ. ಮೂಲೆಯಲ್ಲಿ ಸುಳಿವು ಕೊಡುವ ಗುಂಡಿಯೊಂದು ಇರುತ್ತದೆ. ಒತ್ತಿದರೆ ವಸ್ತುವಿನ ಸುತ್ತ ಮಿಂಚು ಬರುತ್ತದೆ. ನಾನು ಅದನ್ನು ಮುಟ್ಟಿದವಳಲ್ಲ, ಮುಟ್ಟುವವರನ್ನು ಮನುಷ್ಯರೆಂದು ಎಣಿಸಿದವಳೂ ಅಲ್ಲ. ಈ ಆಟಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿದ್ದವು. ಒಳ್ಳೆಯ ಆಟ ವಸ್ತುವನ್ನು ಬೆಳಕಿನಲ್ಲೇ ಅಡಗಿಸುತ್ತದೆ: ಬಾಚಣಿಕೆ ಬೇಲಿಯಾಗಿರುತ್ತದೆ, ಪರದೆಯ ಹಗ್ಗ ಹಾವಾಗಿರುತ್ತದೆ. ಕೆಟ್ಟ ಆಟ ಕತ್ತಲು ಬಳಿದು ಮುಚ್ಚುತ್ತದೆ. ಒಂದೇ ಪದದ ಎರಡು ಅರ್ಥದಲ್ಲಿ ಆಡಿಸುವ ಆಟ ನನಗೆ ಎಲ್ಲಕ್ಕಿಂತ ಇಷ್ಟ. ಪಟ್ಟಿಯಲ್ಲಿ ‘ಬ್ಯಾಟ್’ ಎಂದಿದ್ದರೆ ಕ್ರಿಕೆಟ್ಟಿನದೋ, ಹಾರುವುದೋ? ಆ ಅಟ್ಟದ ಕೋಣೆಯಲ್ಲಿ ನಾನು ಎರಡನ್ನೂ ಹುಡುಕಿದ್ದೆ.

ಇನ್ನೊಂದು ಅಭಿಪ್ರಾಯ ಇತ್ತು, ಅದನ್ನು ಎಲ್ಲೂ ಬರೆದಿರಲಿಲ್ಲ. ಕಣ್ಣುಮುಚ್ಚಿ ಸಿಕ್ಕಲ್ಲೆಲ್ಲ ಒತ್ತಿದರೆ ಆಟ ದಂಡ ಹಾಕುತ್ತದೆ. ಸ್ವಲ್ಪ ಹೊತ್ತು ಮೌಸಿನ ಬಾಣವೇ ಅಲುಗಾಡದು. ಆದರೆ ಹಳೆಯ ಹುಲಿಗಳಿಗೆ ಗೊತ್ತು, ದಂಡ ಬೀಳುವುದು ಅವಸರಕ್ಕೆ ಮಾತ್ರ. ಒತ್ತು, ಒಂದು, ಎರಡು. ಒತ್ತು, ಒಂದು, ಎರಡು. ಈ ತಾಳದಲ್ಲಿ ಪರದೆಯ ಉದ್ದಗಲ ಒತ್ತುತ್ತ ಹೋದರೆ ಯಂತ್ರ ನಿಮ್ಮನ್ನು ಪ್ರಾಮಾಣಿಕರೆಂದು ನಂಬುತ್ತದೆ. ಎಲ್ಲರೂ ಹೀಗೆ ಮಾಡುತ್ತಾರೆ. ಯಾರೂ ಒಪ್ಪುವುದಿಲ್ಲ. ಬಾವಲಿ ಸಿಗದ ಮೇಲೆ ನಾನೂ ಪ್ರತಿ ಆಟದಲ್ಲಿ ಒಂದೆರಡು ವಸ್ತುಗಳನ್ನು ಹೀಗೆಯೇ ಗೆಲ್ಲತೊಡಗಿದ್ದೆ. ಆಟಗಳ ಗುಣಮಟ್ಟ ಕೆಟ್ಟಿದೆ ಎಂದುಕೊಂಡೆ.

ಇಲ್ಲಿಯವರೆಗಿನದು ಸರಾಗವಾಗಿ ಬಂತು, ಆದ್ದರಿಂದ ನನಗೆ ಅನುಮಾನ. ‘ಬಾವಲಿ ಸಿಗದ ಮೇಲೆ’ ಎಂದು ಬರೆದೆ. ಅದಕ್ಕೂ ಮುಂಚೆ ಏನೇನು ಸಿಗಲಿಲ್ಲವೋ ನನಗೆ ಹೇಗೆ ಗೊತ್ತು? ಕಾಣದೇ ಹೋದದ್ದಕ್ಕೆ ತಾರೀಖು ಇರುವುದಿಲ್ಲ.

ಓದುವ ಕನ್ನಡಕ ಬದಲಿಸಲು ದೊಡ್ಡ ಊರಿನ ಒಂದು ಕಣ್ಣಿನ ಆಸ್ಪತ್ರೆಗೆ ಹೋದೆ. ವೈದ್ಯರು ಕಣ್ಣೊಳಗೆ ದೀಪ ಬಿಟ್ಟು ನೋಡಿ, ನರದ ಮೇಲೆ ಸಣ್ಣ ಸಂಶಯ ಇದೆ ಎಂದು ಒಂದು ಪರೀಕ್ಷೆಗೆ ಕಳಿಸಿದರು. ಕತ್ತಲೆ ಕೋಣೆ. ದೊಡ್ಡ ಬಿಳಿ ಬೋಗುಣಿಯಂಥ ಯಂತ್ರ. ಅದರೊಳಗೆ ಮುಖ ಇಟ್ಟು, ಕೈಯಲ್ಲಿ ಒಂದು ಗುಂಡಿ ಹಿಡಿದು ಕೂರಬೇಕು.

ಯಂತ್ರ ನಡೆಸುವಾಕೆ ಹೇಳಿದ್ದು ಇಷ್ಟೇ: “ಗದ್ದಾ ಇಲ್ಲಿ ಇಡ್ರಿ. ನಡುವಿನ ದೀಪಾನ ನೋಡ್ರಿ. ಸುತ್ತ ಎಲ್ಲೆರ ಬೆಳಕು ಮಿಣಕ್ ಅಂದ್ರ ಗುಂಡಿ ಒತ್ರಿ.”

“ಎಷ್ಟಕ್ಕ ಎಷ್ಟು ಬರಬೇಕ್ರಿ?” ಎಂದೆ.

“ಏನದು?”

“ಮಾರ್ಕ್ಸು.”

ಆಕೆ ನಕ್ಕು ಯಂತ್ರ ಶುರು ಮಾಡಿದಳು. ಮೊದಲ ಅರ್ಧ ನಿಮಿಷ ನಾನು ಪ್ರಾಮಾಣಿಕಳಾಗಿದ್ದೆ. ಆಮೇಲೆ ಬಹಳ ಹೊತ್ತು ಏನೂ ಕಾಣಲಿಲ್ಲ. ಎಷ್ಟೋ ಬೆಳಕುಗಳು ಹಾದುಹೋಗುತ್ತಿವೆ, ನಾನು ಸೋಲುತ್ತಿದ್ದೇನೆ ಎನ್ನಿಸಿತು. ಯಂತ್ರಕ್ಕೊಂದು ಲಯವಿತ್ತು, ಒಳಗೆ ಸಣ್ಣ ಸದ್ದು. ನನ್ನ ಹೆಬ್ಬೆರಳಿಗೆ ಅದು ನನಗಿಂತ ಮೊದಲೇ ತಿಳಿಯಿತು. ಒತ್ತು, ಒಂದು, ಎರಡು. ಒತ್ತು, ಒಂದು, ಎರಡು.

ಬೇರೆ ವೈದ್ಯರೊಬ್ಬರು ನಿಂತಲ್ಲೇ ಕಾಗದ ನೋಡಿ ಹೇಳಿದರು: “ಭಾಳ ಚಲೋ ಐತ್ರಿ. ಆರು ತಿಂಗಳು ಬಿಟ್ಟು ಬರ್ರಿ.” ಭಾಳ ಚಲೋ ಇದ್ದದ್ದನ್ನು ಮತ್ತೆ ತೋರಿಸಲು ಯಾರು ಹೋಗುತ್ತಾರೆ? ನಾನು ಒಂದೂವರೆ ವರ್ಷ ಹೋಗಲಿಲ್ಲ.

ಆ ವಾರವೇ ಸೀಗಿ ಹುಣ್ಣಿಮೆ. ಮುಂಡಗೋಡ ತಾಲೂಕಿನ ಇಂದೂರ ನನ್ನ ತವರು. ಹೊಲದಲ್ಲಿ ಪೂಜೆ ಮಾಡಿ, ಪೈರಿಗೆ ಚರಗದ ಎಡೆ ಚೆಲ್ಲಿ, ಊಟಕ್ಕೆ ಕೂತಿದ್ದೆವು. ನಾನು, ಅವ್ವ, ತಮ್ಮ ವಿರೂಪಾಕ್ಷಿ. ಅಪ್ಪ ತೀರಿಕೊಂಡು ಆಗಲೇ ಆರು ವರ್ಷ. ವಿರೂಪಾಕ್ಷಿ ಹೊಲ ನೋಡಿಕೊಂಡು ಒಂದು ಟೆಂಪೋ ಓಡಿಸುತ್ತಾನೆ; ಸುತ್ತಿನ ಹಳ್ಳಿಯ ಮಕ್ಕಳನ್ನು ಮುಂಡಗೋಡದ ಶಾಲೆಗೆ ಬಿಟ್ಟು ಕರೆತರುತ್ತಾನೆ. ನಾನು ಕಣ್ಣಿನ ಆಸ್ಪತ್ರೆಯ ಸುದ್ದಿ ಹೇಳಿದೆ.

ಅವ್ವ ಕೈಯಲ್ಲಿನ ತುತ್ತು ಇಳಿಸಿದಳು. “ನಿಮ್ಮಪ್ಪಗೂ ಬಿಂದು ಇತ್ತವ್ವ.”

“ನನಗೇನಿಲ್ಲ ಬೇ. ಪರೀಕ್ಷಾದಾಗ ಪಾಸ್. ಅದೊಂದು ಆಟ ಇದ್ದಂಗ. ತಾಳ ಸಿಕ್ರ ಸಾಕು.” ತಾಳ ತೋರಿಸಿದೆ. ತಟ್ಟೆಯ ಮೇಲೆ ಬೆರಳಿನಿಂದ. ಅಥವಾ ನೀರಿನ ತಂಬಿಗೆಯ ಮೇಲೆ. ತಂಬಿಗೆ ಎನ್ನುತ್ತಾನೆ ವಿರೂಪಾಕ್ಷಿ. ಅವನು ಆ ತಾಳ ಹಿಡಿದು ತಲೆ ಆಡಿಸುತ್ತ ಭಜನೆಯ ಧಾಟಿಯಲ್ಲಿ ಏನೋ ಎಳೆದ. ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ.

‘ಬಿಂದು’ವಿನ ಬಗ್ಗೆ ಹೇಳಲೇಬೇಕು. ಮರಾಠಿಯಿಂದ ನಮ್ಮ ಕಡೆ ಬಂದ ಮಾತು. ಮೋತಿಬಿಂದು ಎಂದರೆ ಪೊರೆ, ತೆಗೆಸಿದರೆ ಕಣ್ಣು ಬರುತ್ತದೆ. ಕಾಚಬಿಂದು, ಅಂದರೆ ಗ್ಲಾಕೋಮಾ, ಬೇರೆ; ಅದು ಒಳಗಿನ ನರವನ್ನು ತಿನ್ನುತ್ತದೆ, ತಿಂದದ್ದು ತಿರುಗಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಮೊದಲ ಅರ್ಧವನ್ನು ಯಾರೂ ಹೇಳುತ್ತಿರಲಿಲ್ಲ. ಬರೇ ಬಿಂದು. ಬಿಂದು ಹಣ್ಣಾಗಬೇಕು, ಹಣ್ಣಾದ ಮೇಲೆ ತೆಗೆಸಬೇಕು. ಅಪ್ಪ ಕಟ್ಟೆಯ ಮೇಲೆ ಕೂತು ಅದು ಹಣ್ಣಾಗಲೆಂದು ಕಾದ. ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು, “ಆತೇನ್ರಿ ಗೌಡ್ರ?” ಅಪ್ಪ ಹೇಳುತ್ತಿದ್ದ, “ಇನ್ನೂ ಕಾಯಿ ಐತಿ.” ಕೊನೆಗೆ ಅವನಿಗೆ ಕೇಳಿದವರ ಮುಖ ಕಾಣುತ್ತಿರಲಿಲ್ಲ, ಆಗಲೂ ಅದೇ ಉತ್ತರ.

ಕಾಯಲು ಹೇಳಿದವರು ಯಾರು? ಊರಿನ ಹಿರಿಯರೊಬ್ಬರು ಎಂದು ನನ್ನ ನೆನಪು. ಕ್ಯಾಂಪಿಗೆ ಬಂದ ಡಾಕ್ಟರೇ ಎಂದು ತಮ್ಮ. ಅಪ್ಪನೇ ಹೆದರಿ ಹಾಗೆಂದ ಎಂದು ಅವ್ವ. ಮೂರೂ ದೃಶ್ಯಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ, ಮೂರರಲ್ಲೂ ಅಪ್ಪ ಅದೇ ಹೆಗಲ ವಸ್ತ್ರ ಹೊದ್ದಿದ್ದಾನೆ. ಯಾವುದನ್ನೂ ನಂಬುವುದಿಲ್ಲ.

ಆಮೇಲಿನ ಒಂದೂವರೆ ವರ್ಷದಲ್ಲಿ ಎರಡು ಸಂಗತಿ ಖಚಿತ, ಏಕೆಂದರೆ ಸಾಕ್ಷಿಗಳಿದ್ದಾರೆ. ಒಂದು: ಅಡುಗೆಮನೆಯ ಮೇಲಿನ ಕಪಾಟಿನ ತೆರೆದ ಬಾಗಿಲು ನನ್ನ ಹಣೆಗೆ ಒಂದೇ ತಿಂಗಳಲ್ಲಿ ಮೂರು ಸಲ ಬಡಿಯಿತು.

“ತೆರದ ಬಾಗ್ಲಾ ಕಾಣಂಗಿಲ್ಲೇನ? ಕಣ್ಣೇನ ನೆತ್ತಿಮ್ಯಾಲ ಅದಾವ?” ಎಂದರು ಮನೆಯವರು.

“ನೆತ್ತಿಮ್ಯಾಲ ಇದ್ದಿದ್ರ ಬಡೀತಿರಲಿಲ್ಲ ಬಿಡ್ರಿ.”

ಎರಡು: ಮಕ್ಕಳನ್ನು ಸೂಪಾ ಅಣೆಕಟ್ಟು ನೋಡಲು ಕರೆದೊಯ್ದಿದ್ದೆವು. ದಾರಿಯಲ್ಲಿ ಮರದ ಮೇಲೆ ಮಂಗಟ್ಟೆ ಹಕ್ಕಿ. ಎಲ್ಲರೂ ಕತ್ತೆತ್ತಿ ಕೂಗಿದರು. ಒಂಬತ್ತನೆಯ ತರಗತಿಯ ರೇಷ್ಮಾ ನನ್ನ ಕೈ ಜಗ್ಗಿದಳು. “ಟೀಚರ್, ಅಲ್ನೋಡ್ರಿ, ಕೊಕ್ಕು ನೋಡ್ರಿ ಎಷ್ಟ ದೊಡ್ಡದು. ಕಾಣಸ್ತೇನ್ರಿ?” ನಾನು ಹುಡುಕಿದೆ. ಎಲೆ, ಕೊಂಬೆ, ಆಕಾಶ. “ಹೂಂ, ಕಾಣಸ್ತು. ಎಷ್ಟ ಛಂದ ಕೂತೈತಿ,” ಎಂದೆ. ಅವಳು ನನ್ನನ್ನೇ ನೋಡಿದಳು. “ಟೀಚರ್, ಅದು ಆಗ್ಲೇ ಹಾರಿಹೋತ್ರಿ.”

ಕಪಾಟಿಗೆ ಬೈದಿದ್ದೆ, ಆಟ ಮಾಡಿದವರಿಗೆ ಬೈದಿದ್ದೆ. ಹಕ್ಕಿಗೆ ಬೈಯಲು ಆಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಸೀಟು ನೋಡಿದೆ. ಎಲ್ಲ ಸರಿಯಾಗಿತ್ತು. ಅದೇ ಭಯ ಹುಟ್ಟಿಸಿತು. ಜನ ಕೇಳುತ್ತಾರೆ, ಕಪ್ಪಗೆ ಕಾಣುತ್ತದೆಯೇ, ಮಂಜಾಗಿ ಕಾಣುತ್ತದೆಯೇ ಎಂದು. ಇಲ್ಲ. ಈ ಕಾಯಿಲೆ ಕತ್ತಲು ಬಳಿಯುವುದಿಲ್ಲ. ಗೋಡೆ ಕಾಣದ ಕಡೆ ತಾನೇ ಗೋಡೆ ಬರೆದುಕೊಳ್ಳುತ್ತದೆ, ಎಲೆ ಕಾಣದ ಕಡೆ ಎಲೆ. ಇಷ್ಟು ಚೆನ್ನಾಗಿ ಅಡಗಿಸುವ ಆಟವನ್ನು ನಾನು ಆಡಿಲ್ಲ.

ಈ ಸಲ ಬೇರೆ ಆಸ್ಪತ್ರೆ. ಕಾಯುವ ಕೋಣೆಯಲ್ಲಿ ಎಲ್ಲರಿಗೂ ಕಣ್ಣಿಗೆ ಹನಿ ಹಾಕಿ, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ಕೂರಿಸಿದ್ದರು. ಸಾಲಾಗಿ ಮುಖ ಮೇಲೆತ್ತಿದ ಮೂವತ್ತು ಜನ, ಯಾರೂ ಏನನ್ನೂ ನೋಡುತ್ತಿಲ್ಲ. ಪಕ್ಕದ ಮುದುಕಿ ಕಣ್ಣು ತೆರೆಯದೆಯೇ ಕೇಳಿದಳು: “ನಿಮ್ದು ಮೋತಿಯೇನ್ರಿ, ಕಾಚ?”

“ಗೊತ್ತಿಲ್ರಿ ಅಜ್ಜಿ. ನಿಮ್ದು?”

“ನಂದು ಮೋತಿ. ನನ್ನ ಪುಣ್ಯೇ. ಕಾಚದವರು ಅಲ್ಲಿ, ಆ ತುದಿಗೆ ಕುಂದರತಾರ. ಮಾತಾಡಂಗಿಲ್ಲ ಪಾಪ.” ಅಷ್ಟರಲ್ಲಿ ನರ್ಸ್ ನನ್ನ ಹೆಸರು ಕೂಗಿ, ಆ ತುದಿಗೆ ಬರಲು ಹೇಳಿದಳು. ಅಜ್ಜಿ ತನ್ನ ಕೈ ನೀಡಿ ತಡಕಿ, ನನ್ನ ಸೆರಗು ಸಿಕ್ಕಿದ್ದನ್ನು ಹಿಡಿದು, ಒಂದು ಕ್ಷಣ ಬಿಡಲಿಲ್ಲ.

ಅದೇ ಬೋಗುಣಿ, ಅದೇ ಗುಂಡಿ. ಆದರೆ ಈ ಯಂತ್ರ ನಡೆಸುವಾಕೆ, ನಡುವಯಸ್ಸಿನ ಸಣಕಲು ಹೆಂಗಸು, ಶುರು ಮಾಡುವ ಮೊದಲು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು: “ಅಕ್ಕಾರ, ಕಾಣದಿದ್ರ ಒತ್ತಬ್ಯಾಡ್ರಿ. ಚಲೋ ಕಣ್ಣಿದ್ದವರಿಗೂ ಅರ್ಧ ಕಾಣೂದಿಲ್ಲ. ಮಶಿನ್ ಮಾಡಿದ್ದ ಹಂಗ. ಇಲ್ಲಿ ಯಾರೂ ಪಾಸು ಇಲ್ಲ, ಫೇಲೂ ಇಲ್ಲ.”

ಹತ್ತು ಸೆಕೆಂಡಿನ ಮಾತು. ಇದೊಂದು ಮಾತನ್ನು ಮೊದಲನೆಯ ಸಲ ಯಾರಾದರೂ ಹೇಳಿದ್ದರೆ! ನಾನು ಹೇಳಿಸಿಕೊಳ್ಳುವಂತೆ ಇದ್ದೆನೇ ಎಂಬುದು ಇನ್ನೊಂದು ಪ್ರಶ್ನೆ. ಹೆಬ್ಬೆರಳು ತಾನಾಗಿ ಲಯಕ್ಕೆ ಬೀಳುತ್ತಿತ್ತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡು ಕೂತೆ. ಏನೂ ಕಾಣದ ಆ ಉದ್ದನೆಯ ಹೊತ್ತುಗಳಲ್ಲಿ ಒತ್ತದೆ ಕೂರುವುದು ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ. ಹೆರಿಗೆಯನ್ನೂ ಸೇರಿಸಿ ಹೇಳುತ್ತಿದ್ದೇನೆ.

ವೈದ್ಯೆ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. ಹೊಸದರಲ್ಲಿ, ಎರಡೂ ಕಣ್ಣಿನ ಮೇಲಿನ ಭಾಗದಲ್ಲಿ, ಕಮಾನಿನಂತೆ ಮಸಿ.

“ಕಾಚಬಿಂದು. ಇದು ನಿನ್ನೆ ಮೊನ್ನೆ ಆದದ್ದಲ್ರಿ.”

“ಒಂದೂವರೆ ವರ್ಷದ ಹಿಂದ ಚಲೋ ಇತ್ತಲ್ರಿ ಮೇಡಂ. ಇಲ್ಲೇ ಐತಲ್ಲ ರಿಪೋರ್ಟ್.”

“ಈ ರಿಪೋರ್ಟ್ ನಂಬೂಹಂಗಿಲ್ಲ. ಬೆಳಕ ಬಿಡದಿದ್ದಾಗೂ ನೀವು ಒತ್ತೀರಿ. ಇಲ್ಲೇ ಬರದೈತಿ ನೋಡ್ರಿ.” ಅವರ ಬೆರಳು ಕಾಗದದ ಮೇಲಿನ ಅಂಚಿನ, ಎಡ ಮೂಲೆಯ ಸಣ್ಣ ಅಕ್ಷರದ ಒಂದು ಸಾಲಿನ ಮೇಲಿತ್ತು.

ಹತ್ತು ವರ್ಷ ಬಂಗಲೆಗಳಲ್ಲಿ ಸೂಜಿ, ಗುಂಡುಪಿನ್ನು ಹುಡುಕಿದ ನಾನು ಆ ಕಾಗದವನ್ನು ಒಂದೂವರೆ ವರ್ಷ ಕಪಾಟಿನಲ್ಲಿ ಇಟ್ಟುಕೊಂಡಿದ್ದೆ. ಆ ವೈದ್ಯರು ಅದನ್ನು ಓದಲಿಲ್ಲ, ಸರಿ. ಅವರ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ, ಹೋಗಲಿ ಎಂದು ನಾನು ಬಯಸುವುದೂ ಇಲ್ಲ. ಆದರೆ ಗುಂಡಿ ನನ್ನ ಕೈಯಲ್ಲಿತ್ತು.

ಮನೆಗೆ ಸುದ್ದಿ ಮುಟ್ಟಿದಾಗ ನಮ್ಮತ್ತೆ ಹೇಳಿದರು, “ಬಿಂದು ಹೌದಲ್ಲೋ? ತಗಿಸಿದರ ಆತು. ನಮ್ಮ ಓಣ್ಯಾಗ ನಾಕು ಮಂದಿ ತಗಿಸ್ಯಾರ.” ಮನೆಯವರು ವಿವರಿಸಲು ಹೋಗಿ, ನಡುವೆ ನಿಲ್ಲಿಸಿ, ಹೊರಗೆ ಹೋಗಿ ಕಪಾಟಿನ ಬಾಗಿಲ ಕೀಲುಗಳನ್ನು ಬಿಚ್ಚುವ ಸ್ಕ್ರೂಡ್ರೈವರ್ ತಂದರು. ಅಡುಗೆಮನೆಯ ಮೇಲಿನ ಕಪಾಟಿಗೆ ಈಗ ಬಾಗಿಲುಗಳೇ ಇಲ್ಲ.

ದಿನವೂ ಹನಿ. ಬೆಳಗಿನ ಭೋಂಗಾ ಕೂಗಿದಕೂಡಲೆ, ಕಾರ್ಖಾನೆಗೆ ಹೊರಡುವ ಮೊದಲು, ಅವರೇ ಹಾಕುತ್ತಾರೆ. ಕಾಗದದ ಕಲೆ ಹಿಡಿಯುವ ಕೈ, ತಪ್ಪುವುದಿಲ್ಲ. ಒಂದು ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ಕಣ್ಣಿಗೆ ಹಾಕಿದ್ದು ಗಂಟಲಿಗೆ ಇಳಿದು ಕಹಿಯಾಗುತ್ತದೆ. ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಒತ್ತಿಹಿಡಿದರೆ ಕಡಿಮೆ. ಪೂರ್ತಿ ಹೋಗುವುದಿಲ್ಲ. ಮೊದಲ ಚಹಾದ ರುಚಿಯನ್ನು ನಾನು ಮರೆತಿದ್ದೇನೆ.

ಆಟ ಬಿಟ್ಟಿಲ್ಲ. ಸುಳಿವಿನ ಗುಂಡಿ ಒತ್ತುತ್ತೇನೆ, ನಾಚಿಕೆಯಿಲ್ಲದೆ ಅಲ್ಲ. ಆ ಅಟ್ಟದ ಕೋಣೆಗೆ ಮತ್ತೆ ಹೋದೆ. ಎಲ್ಲಿದೆ ಎಂದು ಗೊತ್ತಿದ್ದೂ ಪರದೆಯ ನಡುವೆ ಕಣ್ಣಿಟ್ಟೆ: ಮೇಲೆ ಬರೇ ತೊಲೆ. ಮುಖ ಎತ್ತಿದೆ: ಬಾವಲಿ. ಇಳಿಸಿದೆ: ತೊಲೆ. ಆ ಉತ್ತರ ಬರೆದವರು ಸರಿ. ಬಹಳ ಸುಲಭ.

ಇದು ರಕ್ತದಲ್ಲಿ ಇಳಿಯುವ ಕಾಯಿಲೆ, ಒಡಹುಟ್ಟಿದವರನ್ನು ತೋರಿಸಲೇಬೇಕು ಎಂದಿದ್ದರು ವೈದ್ಯೆ. ಎಂಟು ತಿಂಗಳು ವಿರೂಪಾಕ್ಷಿಗೆ ಫೋನ್ ಮಾಡಿದೆ.

“ನನಗ ಕಾಣತೈತಿ ಅಕ್ಕಾ. ಕಾಣತೈತಿ ಅಂದಮ್ಯಾಲ ಏನ ತೋರಸೂದು?”

“ನನಗೂ ಕಾಣತಿತ್ತೋ.”

“ನೀ ಆ ಕಂಪ್ಯೂಟರ್ ನೋಡಿ ನೋಡಿ ಹಾಳ ಮಾಡ್ಕೊಂಡಿ. ನಾ ಎಲ್ಲಿ ನೋಡೇನಿ?”

“ಅಪ್ಪ ಯಾವ ಕಂಪ್ಯೂಟರ್ ನೋಡಿದ್ದ?”

ಅವನು ಫೋನ್ ಇಟ್ಟ. ಮುಂದಿನ ವಾರ ಅವ್ವ ಫೋನ್ ಮಾಡಿ, ಮರದ ಕೊಂಬೆಗೆ ಬಡಿದು ಟೆಂಪೋದ ಮೇಲಿನ ಕಂಬಿ ಬಗ್ಗಿದೆ, ಮಕ್ಕಳು ಇಳಿದಿದ್ದರು, ಶಿವ ಕಾಯ್ದ ಎಂದಳು. ನಾನು ಇಂದೂರಿಗೆ ಹೋಗಿ, ಅವನದೇ ಟೆಂಪೋದಲ್ಲಿ ಪಕ್ಕಕ್ಕೆ ಕೂತು ಅವನನ್ನು ಆಸ್ಪತ್ರೆಗೆ ಕರೆತಂದೆ. ದಾರಿಯುದ್ದಕ್ಕೂ ಮೇಲೆ ನೋಡುತ್ತ, ಕೊಂಬೆ ಬಂದಾಗಲೆಲ್ಲ ಅವನಿಗೆ ಹೇಳುತ್ತ ಬಂದೆ. ಮೇಲೆ ಕಾಣದ ನಾನು.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅವನು ಸೊಂಟದಿಂದ ಟೆಂಪೋದ ಕೀಲಿಯ ಗೊಂಚಲು ತೆಗೆದು ನನ್ನ ಕೈಗೆ ಕೊಟ್ಟ. “ಹಿಡಿ, ಬಗ್ಗಿದರ ಚುಚ್ಚತೈತಿ. ಹೆದರಬ್ಯಾಡ, ಪಾಸ್ ಆಗಿ ಬರ್ತೇನಿ.” ನಕ್ಕ. ಯಂತ್ರ ನಡೆಸುವಾಕೆ ಅಂದು ಬೇರೆ ಯಾರೋ. ನಾನು ಪರದೆಯ ಹೊರಗೆ ಬೆಂಚಿನ ಮೇಲೆ ಕೂತೆ.

ಮೊದಲು ಅಲ್ಲೊಂದು ಇಲ್ಲೊಂದು ಕ್ಲಿಕ್. ಆಮೇಲೆ ಏನೂ ಇಲ್ಲ. ಮತ್ತೆ ಏನೂ ಇಲ್ಲ. ಆಮೇಲೆ ಶುರುವಾಯಿತು. ಟಕ್, ಒಂದು, ಎರಡು. ಟಕ್, ಒಂದು, ಎರಡು.

ತಟ್ಟೆಯೋ ತಂಬಿಗೆಯೋ ಎಂದು ನನಗೆ ಇಂದಿಗೂ ಗೊತ್ತಿಲ್ಲ. ತಾಳ ಅದೇ. ನಾನು ಕಲಿಸಿದ್ದು.

ಎದ್ದು ಪರದೆಗೆ ಬಾಯಿ ಹಚ್ಚಿ ಕೂಗಿದೆ: “ಕಾಣದಿದ್ರ ಒತ್ತಬ್ಯಾಡೋ ವಿರೂಪಾಕ್ಷಿ! ಅರ್ಧ ಯಾರಿಗೂ ಕಾಣಂಗಿಲ್ಲೋ. ಒತ್ತಬ್ಯಾಡ!”

“ಅಕ್ಕಾರ, ಹೊರಗ ಗದ್ದಲ ಮಾಡಬ್ಯಾಡ್ರಿ,” ಎಂದು ಒಳಗಿನಿಂದ ಬೈದರು.

ಕ್ಲಿಕ್ ನಿಂತಿತು. ನಾನು ಎಣಿಸಿದೆ. ಒಂದು, ಎರಡು. ಮೂರು. ನಾಲ್ಕು. ಯಂತ್ರ ತನ್ನ ಪಾಡಿಗೆ ಸದ್ದು ಮಾಡುತ್ತ ಬೆಳಕು ಬಿಡುತ್ತಿತ್ತು. ಅರ್ಧ ಯಾರಿಗೂ ಕಾಣುವುದಿಲ್ಲ, ಅರ್ಧ ಯಾರಿಗೂ ಕಾಣುವುದಿಲ್ಲ. ಹದಿನೇಳರವರೆಗೆ ಎಣಿಸಿ ಬಿಟ್ಟೆ.

ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿತ್ತು. ಯಂತ್ರದ್ದಿರಬೇಕು. ನನ್ನ ಮುಖ ನೋಡಲಿಲ್ಲ, ಕೈ ಚಾಚಿದ.

“ಕೀಲಿ ಕೊಡು.”

“ರಿಪೋರ್ಟ್ ಬರ್ಲಿ.”

“ನಾಳೆ ಸಾಲಿ ಐತಿ ಅಕ್ಕಾ. ಹುಡುಗ್ರು ರಸ್ತೇದಾಗ ನಿಂತಿರ್ತಾವ.”

“ಗೊತ್ತೈತಿ,” ಎಂದೆ. “ಅದಕ್ಕ.”

ಅವನ ಕೈ ಚಾಚಿದ ಹಾಗೆಯೇ ಇತ್ತು. ನಾನು ಮುಷ್ಟಿ ತೆರೆಯಲಿಲ್ಲ.